ಏಪ್ರಿಲ್ 12ರ ಕರಿಹಲಗೆ: ಇಷ್ಟೆಲ್ಲ ಒಂದೇ ದಿನ ಏಕೆ ನಡೆಯಿತು?

ಪ್ರಶ್ನೆ
ಬರೆದವರು: ಹಲಗೆ-ಬಳಪ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿಯಾಗಿದ್ದೇನೆ. ಬೇಸಿಗೆ ರಜೆಯಲ್ಲಿ ಊರಿನ ಮಕ್ಕಳಿಗಾಗಿ ಶಿಬಿರ ನಡೆಸುವ ದಿನಗಳಲ್ಲಿ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಪ್ರತಿ ಬೆಳಿಗ್ಗೆ ಆ ದಿನದ ವಿಶೇಷವನ್ನು ಬರೆಯುವುದು ಇಲ್ಲಿಯ ರೂಢಿ. ಹಲಗೆ ಚಿಕ್ಕದು, ಎಂಟು ಸಾಲು ಬರೆಯುವಷ್ಟರಲ್ಲಿ ಅಂಚು ಮುಟ್ಟುತ್ತದೆ.

ಸಾಮಾನ್ಯವಾಗಿ ಎಂಟು ಸಾಲಿಗೆ ವಿಷಯ ಹುಡುಕುವುದೇ ಕಷ್ಟ. ಆದರೆ ಏಪ್ರಿಲ್ 12ಕ್ಕೆಂದು ಟಿಪ್ಪಣಿ ಮಾಡಲು ಕುಳಿತಾಗ ಕಷ್ಟ ತಿರುಗುಮುರುಗಾಯಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಶಿಲುಬೆಗಳನ್ನು ಕೂಡಿಸಿದ ಧ್ವಜಕ್ಕೆ ರಾಜಾಜ್ಞೆ ಹೊರಟದ್ದು 1606ರ ಏಪ್ರಿಲ್ 12ರಂದು. ರೋಮ್ ನಗರದಲ್ಲಿ ಗೆಲಿಲಿಯೋನನ್ನು ಧರ್ಮವಿಚಾರಣೆಯವರು ಮೊದಲ ಬಾರಿ ಪ್ರಶ್ನಿಸಿದ್ದು 1633ರ ಅದೇ ದಿನ. ಅಮೆರಿಕದ ಅಂತರ್ಯುದ್ಧ ಫೋರ್ಟ್ ಸಮ್ಟರ್ ಕೋಟೆಯ ಮೇಲಿನ ಫಿರಂಗಿ ದಾಳಿಯಿಂದ ಆರಂಭವಾದದ್ದು 1861ರಲ್ಲಿ. ಕ್ರಿಕೆಟಿಗ ವಿನೂ ಮಂಕಡ್ ಹುಟ್ಟಿದ್ದು 1917ರಲ್ಲಿ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತೀರಿಕೊಂಡದ್ದು 1945ರಲ್ಲಿ. ಬಿಲ್ ಹೇಲಿಯ ತಂಡ 'ರಾಕ್ ಅರೌಂಡ್ ದ ಕ್ಲಾಕ್' ಹಾಡನ್ನು ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಿಸಿದ್ದು 1954ರಲ್ಲಿ, ಬೀದಿ ನಾಟಕದ ಸಫ್ದರ್ ಹಶ್ಮಿ ದೆಹಲಿಯಲ್ಲಿ ಹುಟ್ಟಿದ್ದೂ ಆ ವರ್ಷದ ಆ ದಿನವೇ. ಜೋನಸ್ ಸಾಲ್ಕ್ ಅವರ ಪೋಲಿಯೋ ಲಸಿಕೆ ಸುರಕ್ಷಿತವೂ ಪರಿಣಾಮಕಾರಿಯೂ ಆಗಿದೆಯೆಂದು ಸಾರಿದ್ದು 1955ರಲ್ಲಿ. ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿಬಂದದ್ದು 1961ರಲ್ಲಿ. ಹೋಗಿಬಂದು ಮತ್ತೆ ಹಾರಬಲ್ಲ ಅಮೆರಿಕದ ಸ್ಪೇಸ್ ಷಟಲ್ ನೌಕೆಗಳಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲನೆಯದಾದ ಕೊಲಂಬಿಯಾ ಹಾರಿದ್ದು 1981ರಲ್ಲಿ. ಕೊನೆಗೆ, ನಮ್ಮ ಡಾ. ರಾಜ್‌ಕುಮಾರ್ ಅಗಲಿದ್ದು 2006ರಲ್ಲಿ.

ನನ್ನ ಟಿಪ್ಪಣಿಯನ್ನು ಶುದ್ಧಪ್ರತಿ ಮಾಡಿಕೊಡುತ್ತಿದ್ದ ಏಳನೆಯ ತರಗತಿಯ ಹುಡುಗಿ ಬರೆಯುವುದನ್ನು ನಿಲ್ಲಿಸಿ, "ಮೇಡಂ, ಇಷ್ಟೆಲ್ಲ ಇದೊಂದೇ ದಿನ ಯಾಕೆ ಆಯ್ತು?" ಎಂದು ಕೇಳಿದಳು. ಅಷ್ಟರಲ್ಲಿ ಅವಳ ತಮ್ಮ ಇನ್ನೊಂದನ್ನು ಕಂಡುಹಿಡಿದ: ಗಗಾರಿನ್ ಹಾರಿದ್ದು 108 ನಿಮಿಷ, ಅಣ್ಣಾವ್ರು ವೀರಪ್ಪನ್ ಸೆರೆಯಲ್ಲಿದ್ದದ್ದು 108 ದಿನ. ಅಷ್ಟೋತ್ತರದ ಸಂಖ್ಯೆ ಎರಡು ಕಡೆ ಬಂದದ್ದರಿಂದ ಈಗ ಶಿಬಿರದ ಅರ್ಧ ಮಕ್ಕಳು ಈ ತಾರೀಖಿನಲ್ಲಿ ಏನೋ ಇದೆ ಎಂದು ನಂಬಿದ್ದಾರೆ. "ಕಾಕತಾಳೀಯ" ಎಂದು ಹೇಳಿ ಬಾಯಿ ಮುಚ್ಚಿಸಲು ನನಗೆ ಮನಸ್ಸಿಲ್ಲ. ಆ ಹುಡುಗಿಗೆ ಏನು ಹೇಳಲಿ? ಎಂಟು ಸಾಲಿನಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಉತ್ತರ 1
ಬರೆದವರು: ನಿವೃತ್ತ ವಿಜ್ಞಾನ ಮೇಷ್ಟ್ರು

ತಾವು ಹಳ್ಳಿಯ ಮಕ್ಕಳಿಗೆ ಹೇಳಬೇಕಾಗಿರುವುದರಿಂದ ಕೆಲಸ ಸುಲಭ. ಅವರಿಗೆ ಚೆಲ್ಲು ಬಿತ್ತನೆ ಮಾಡಿದ ರಾಗಿ ಹೊಲವನ್ನು ನೆನಪಿಸಿ. ಕೂರಿಗೆಯಲ್ಲಿ ಬಿತ್ತಿದ ಹೊಲದಲ್ಲಿ ಪೈರು ಸಾಲು ಹಿಡಿದು ನಿಂತಿರುತ್ತದೆ. ಕೈಯಲ್ಲಿ ಚೆಲ್ಲಿದ ಹೊಲದಲ್ಲಿ ಒಂದು ಕಡೆ ಕಾಲಿಡಲಾಗದಷ್ಟು ದಟ್ಟವಾಗಿ, ಇನ್ನೊಂದು ಕಡೆ ಬೋಳಾಗಿ ಇರುತ್ತದೆ. ಬಿತ್ತಿದವನಿಗೆ ಆ ದಟ್ಟ ಜಾಗದ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ವಿಶ್ವಕೋಶವೊಂದರಿಂದ 10,000 ಘಟನೆಗಳನ್ನು ಎತ್ತಿ ವರ್ಷದ 366 ತಾರೀಖುಗಳ ಮೇಲೆ ಚೆಲ್ಲಿದರೆ ಒಂದೊಂದು ತಾರೀಖಿನ ಪಾಲಿಗೆ ಸರಾಸರಿ 27 ಬೀಳುತ್ತವೆ. ತಾವು ಪಟ್ಟಿ ಮಾಡಿರುವುದು ಹನ್ನೊಂದು. ಏಪ್ರಿಲ್ 12 ತುಂಬಿ ತುಳುಕುತ್ತಿದೆ ಎಂದು ನಮಗೆ ಅನ್ನಿಸುವುದಕ್ಕೆ ಮುಖ್ಯ ಕಾರಣ ನಾವು ಏಪ್ರಿಲ್ 11ನ್ನೋ 13ನ್ನೋ ಅಷ್ಟೇ ಶ್ರದ್ಧೆಯಿಂದ ಹುಡುಕದಿರುವುದು.

ಆದರೆ ಇಲ್ಲಿಗೇ ನಿಲ್ಲಿಸಿದರೆ ಹುಡುಗಿಗೆ ಅರ್ಧ ಉತ್ತರ ಕೊಟ್ಟಂತೆ. ಏಕೆಂದರೆ ಕ್ಯಾಲೆಂಡರಿನ ಹೊಲದಲ್ಲಿ ಚೆಲ್ಲಿದ್ದೂ ಇದೆ, ಕೂರಿಗೆ ಹಾಕಿದ್ದೂ ಇದೆ. ಕೆಲವು ಘಟನೆಗಳು ಆ ದಿನ ತಾವಾಗಿ ಬಂದು ಬಿದ್ದವು; ಕೆಲವನ್ನು ಆ ದಿನವೇ ಆಗಲಿ ಎಂದು ಮನುಷ್ಯರು ಬೇಕೆಂದೇ ನೆಟ್ಟರು. ಯಾವುದು ಯಾವ ಬಗೆಯದು ಎಂದು ಬೇರ್ಪಡಿಸುವುದನ್ನೇ ಮಕ್ಕಳಿಗೆ ಆಟವಾಗಿ ಕೊಡಬಹುದು. ಆ ಆಟದಲ್ಲಿ ಎಡವಲು ಒಳ್ಳೆಯ ಜಾಗ ಬಾಹ್ಯಾಕಾಶದ ಎರಡು ಸಾಲುಗಳು.

ಗಗಾರಿನ್ ಹಾರಾಟಕ್ಕೆ 12 ಎಂಬ ಅಂಕಿಯ ಮೇಲೆ ಯಾರಿಗೂ ಮೋಹವಿರಲಿಲ್ಲ. ಅಮೆರಿಕದವರು ತಮ್ಮ ಗಗನಯಾತ್ರಿಯನ್ನು ಕಳಿಸಲು ಸಿದ್ಧರಾಗುತ್ತಿದ್ದರು. ಅವರಿಗಿಂತ ಮೊದಲು ಹಾರಬೇಕೆಂಬ ಅವಸರ ಸೋವಿಯತ್ ವಿನ್ಯಾಸಕ ಸೆರ್ಗೆಯ್ ಕೊರೊಲ್ಯೋವ್ ಅವರಿಗಿತ್ತು. ಅಲನ್ ಶೆಪರ್ಡ್ ಹಾರಿದ್ದು ಮೇ 5ರಂದು, ಎಂದರೆ ಕೇವಲ 23 ದಿನಗಳ ಅನಂತರ. ಸಿದ್ಧವಾದ ಕೂಡಲೇ ಹಾರಿಸಿದರು, ತಾರೀಖು 12 ಆಗಿತ್ತು, ಅಷ್ಟೇ. ಮಾಸ್ಕೋದ ಬೆಳಿಗ್ಗೆ 9 ಗಂಟೆ 7 ನಿಮಿಷಕ್ಕೆ, ಎಂದರೆ ನಮ್ಮಲ್ಲಿ 11 ಗಂಟೆ 37 ನಿಮಿಷಕ್ಕೆ, ವೊಸ್ಟೋಕ್-1 ನೆಲ ಬಿಟ್ಟಿತು. ಏರುವಾಗ ಹಿರಿಯ ಲೆಫ್ಟಿನೆಂಟ್ ಆಗಿದ್ದ 27 ವರ್ಷದ ಯುವಕ ಇಳಿಯುವಷ್ಟರಲ್ಲಿ ಮೇಜರ್ ಆಗಿದ್ದ, ಬಡ್ತಿ ಅವನು ಆಕಾಶದಲ್ಲಿರುವಾಗಲೇ ಆಗಿತ್ತು. ಸಾರಾತೋವ್ ಪ್ರಾಂತ್ಯದ ಹೊಲವೊಂದರಲ್ಲಿ ಅವನು ಇಳಿದಾಗ ಮೊದಲು ಕಂಡವರು ಆಲೂಗಡ್ಡೆ ಹೊಲದಲ್ಲಿದ್ದ ಒಬ್ಬ ರೈತ ಹೆಂಗಸು ಮತ್ತು ಅವಳ ಪುಟ್ಟ ಮೊಮ್ಮಗಳು. ಕಿತ್ತಳೆ ಬಣ್ಣದ ಉಡುಪು, ಬಿಳಿಯ ಶಿರಸ್ತ್ರಾಣ ತೊಟ್ಟು ಆಕಾಶದಿಂದ ಬಂದವನನ್ನು ಕಂಡು ಅವರಿಬ್ಬರೂ ಹೆದರಿದ್ದು ಸಹಜ. ತಮ್ಮ ಶಿಬಿರದ ಮಕ್ಕಳಿಗೆ ಈ ಅಜ್ಜಿ-ಮೊಮ್ಮಗಳ ಕಥೆ ರಾಕೆಟ್ಟಿನ ಕಥೆಗಿಂತ ಹೆಚ್ಚು ಹಿಡಿಸೀತು.

ಇನ್ನು ಕೊಲಂಬಿಯಾ. ಗಗಾರಿನ್ ಹಾರಿ ಸರಿಯಾಗಿ ಇಪ್ಪತ್ತು ವರ್ಷಕ್ಕೆ, ಅದೇ ದಿನ, ಎದುರಾಳಿ ದೇಶದ ಹೊಸ ನೌಕೆ ಹಾರಿತೆಂದ ಮೇಲೆ ಇದು ಬೇಕೆಂದೇ ಗೊತ್ತುಪಡಿಸಿದ ದಿನವೆಂದು ಯಾರಾದರೂ ಊಹಿಸುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ತಿಳಿದು ತರಗತಿಯಲ್ಲಿ ಹೇಳಿದ್ದೆ. ವಾಸ್ತವದಲ್ಲಿ ಅದು ಹಾರಬೇಕಾಗಿದ್ದದ್ದು ಏಪ್ರಿಲ್ 10ರಂದು. ಅಂದು ಜಾನ್ ಯಂಗ್ ಮತ್ತು ರಾಬರ್ಟ್ ಕ್ರಿಪೆನ್ ಒಳಗೆ ಮಲಗಿ ಕಾಯುತ್ತಿದ್ದಾಗ ನೌಕೆಯ ನಾಲ್ಕು ಮುಖ್ಯ ಕಂಪ್ಯೂಟರುಗಳಿಗೂ ಐದನೆಯ ಬದಲಿ ಕಂಪ್ಯೂಟರಿಗೂ ಕಾಲದ ಲೆಕ್ಕ ಹೊಂದಲಿಲ್ಲ. ವ್ಯತ್ಯಾಸ 40 ಮಿಲಿಸೆಕೆಂಡು, ಎಂದರೆ ಒಂದು ಸೆಕೆಂಡಿನ ಇಪ್ಪತ್ತೈದನೆಯ ಒಂದು ಪಾಲು. ಹಾರಾಟ ಎರಡು ದಿನ ಮುಂದೆ ಹೋಯಿತು, ಆ ಎರಡು ದಿನಗಳೇ ಅದನ್ನು ತಂದು ಗಗಾರಿನ್ ದಿನದ ಮೇಲೆ ಇಳಿಸಿದವು. ಎಲ್ಲಕ್ಕಿಂತ ಕೂರಿಗೆಯಂತೆ ಕಾಣುವುದೇ ಇಲ್ಲಿ ಚೆಲ್ಲಿದ ಕಾಳು.

ನಿಜವಾಗಿ ನೆಟ್ಟವುಗಳು ಬೇರೆ ಇವೆ: 1962ರಲ್ಲಿ ಸೋವಿಯತ್ ಸರ್ಕಾರ ಸಾರಿದ ಗಗನಯಾನ ದಿನ, 2001ರಿಂದ ಜಗತ್ತಿನ ಹಲವು ನಗರಗಳಲ್ಲಿ ಯುವಜನರು ಹಾಡು ಕುಣಿತಗಳೊಂದಿಗೆ ಆಚರಿಸುವ ಯೂರಿಯ ರಾತ್ರಿ, 2011ರಲ್ಲಿ ವಿಶ್ವಸಂಸ್ಥೆ ಘೋಷಿಸಿದ ಮಾನವ ಬಾಹ್ಯಾಕಾಶ ಯಾನದ ಅಂತರರಾಷ್ಟ್ರೀಯ ದಿನ. ಮೊದಲ ಕಾಳು ಆಕಸ್ಮಿಕವಾಗಿ ಬಿತ್ತು, ಆಮೇಲೆ ಅದರ ಪಕ್ಕದಲ್ಲಿ ಸಾಲು ಹಾಕಿದರು.

108ರ ಬಗ್ಗೆ ಒಂದು ಮಾತು. 108 ನಿಮಿಷ ಎಂಬುದು ಅಂದಿನ ಅಧಿಕೃತ ಲೆಕ್ಕ. ಅದು 9:07ರಿಂದ 10:55ರವರೆಗಿನ ಕಾಲ. ಬಹಳ ವರ್ಷಗಳ ಮೇಲೆ ಬೆಳಕಿಗೆ ಬಂದ ದಾಖಲೆಗಳ ಪ್ರಕಾರ ಗಗಾರಿನ್ ನೆಲ ಮುಟ್ಟಿದ್ದು 10:53ಕ್ಕೆ, ಎಂದರೆ 106 ನಿಮಿಷಕ್ಕೆ. ಇನ್ನೂ ಒಂದು ಸಂಗತಿಯಿದೆ. ಅವನು ನೌಕೆಯೊಳಗೆ ಕುಳಿತು ಇಳಿದವನಲ್ಲ. ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಆಸನ ಸಮೇತ ಹೊರಚಿಮ್ಮಿ ಪ್ಯಾರಾಚೂಟಿನಲ್ಲಿ ಬೇರೆಯಾಗಿ ಇಳಿದ. ವಿಮಾನದೊಂದಿಗೇ ಇಳಿದರೆ ಮಾತ್ರ ದಾಖಲೆಯೆಂದು ಒಪ್ಪುವ ನಿಯಮ ಆಗ ಇದ್ದುದರಿಂದ ಸೋವಿಯತ್ ಅಧಿಕಾರಿಗಳು ಈ ಸಂಗತಿಯನ್ನು ವರ್ಷಗಟ್ಟಲೆ ಮುಚ್ಚಿಟ್ಟರು. ಹುಡುಗನ ಅಷ್ಟೋತ್ತರ ಎರಡು ನಿಮಿಷದಿಂದ ತಪ್ಪಿಹೋಗುತ್ತದೆ, ಅವನಿಗೆ ಬೇಸರವಾಗದಂತೆ ಹೇಳಿ.

ಉತ್ತರ 2
ಬರೆದವರು: ತಿಥಿ-ತಾರೀಖು

ಮೇಷ್ಟ್ರ ಮಾತನ್ನು ಒಪ್ಪುತ್ತಲೇ, ಅವರು ಮುಟ್ಟದ ಒಂದು ಪ್ರಶ್ನೆಯನ್ನು ಎತ್ತುತ್ತೇನೆ. ಈ ಹನ್ನೊಂದೂ ಒಂದೇ ದಿನ ನಡೆದವೆಂದು ನಾವು ಹೇಳುವುದಾದರೂ ಯಾವ ಕ್ಯಾಲೆಂಡರನ್ನು ನಂಬಿ?

1606ರಲ್ಲಿ ಇಂಗ್ಲೆಂಡ್ ಇನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರನ್ನು ಅನುಸರಿಸುತ್ತಿತ್ತು. ರೋಮ್ 1582ರಲ್ಲಿಯೇ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಗಿತ್ತು, ಇವೆರಡರ ನಡುವೆ ಆಗ ಹತ್ತು ದಿನಗಳ ಅಂತರ. ಹಾಗಾಗಿ ಲಂಡನ್ನಿನಲ್ಲಿ ಧ್ವಜದ ಆಜ್ಞೆ ಹೊರಟ ಏಪ್ರಿಲ್ 12 ರೋಮ್‌ನವರ ಪಾಲಿಗೆ ಏಪ್ರಿಲ್ 22. ಇಪ್ಪತ್ತೇಳು ವರ್ಷಗಳ ಮೇಲೆ ರೋಮ್‌ನಲ್ಲಿ ಗೆಲಿಲಿಯೋ ವಿಚಾರಕರ ಎದುರು ಕುಳಿತ ಏಪ್ರಿಲ್ 12 ಲಂಡನ್ನಿನವರ ಪಾಲಿಗೆ ಏಪ್ರಿಲ್ 2. ತಮ್ಮ ಟಿಪ್ಪಣಿಯ ಮೊದಲ ಎರಡು ಸಾಲುಗಳು ಒಂದರ ಕೆಳಗೊಂದು ಕುಳಿತಿದ್ದರೂ ಅವು ಒಂದೇ ದಿನದವಲ್ಲ. ಇಂಗ್ಲೆಂಡ್ ಬದಲಾದದ್ದು 1752ರಲ್ಲಿ. ಆ ವರ್ಷ ಅಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ರಷ್ಯಾ 1918ರವರೆಗೂ ಹಳೆಯದನ್ನೇ ಹಿಡಿದುಕೊಂಡಿತ್ತು. ಅದನ್ನು ಬಿಡದೆ ಇದ್ದಿದ್ದರೆ ಗಗಾರಿನ್ ಹಾರಿದ್ದನ್ನು ಅವರು ಮಾರ್ಚ್ 30 ಎಂದು ಬರೆದುಕೊಳ್ಳುತ್ತಿದ್ದರು, ಆಗ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ.

ಸ್ಥಳದ ತೊಡಕು ಬೇರೆ. ರೂಸ್‌ವೆಲ್ಟ್ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಚಿತ್ರಕಾರ್ತಿಯೊಬ್ಬರು ತಮ್ಮ ಚಿತ್ರ ಬರೆಯುತ್ತಿದ್ದಾಗಲೇ ಕುಸಿದು, ಅಲ್ಲಿಯ ಮಧ್ಯಾಹ್ನ ಕೊನೆಯುಸಿರೆಳೆದರು. ಆ ಹೊತ್ತಿಗೆ ನಮ್ಮಲ್ಲಿ 13ರ ಬೆಳಗಿನ ಜಾವ. ಬೆಂಗಳೂರಿನಲ್ಲಿದ್ದವರ ಪಾಲಿಗೆ ಅವರು 12ರಂದು ತೀರಿಕೊಳ್ಳಲೇ ಇಲ್ಲ.

ನಾವಂತೂ ಈ ಗೊಂದಲವನ್ನು ಭಾಷೆಯಲ್ಲೇ ಕಟ್ಟಿಕೊಂಡಿದ್ದೇವೆ. ಮನೆಯ ಹಿರಿಯರ ಶ್ರಾದ್ಧವನ್ನು ಮಾಸ, ಪಕ್ಷ, ತಿಥಿ ನೋಡಿ ಮಾಡುವ ನಾವು, ಊರಿನ ದೊಡ್ಡವರ ಸ್ಮರಣೆಯನ್ನು ಇಂಗ್ಲಿಷ್ ತಾರೀಖಿನಂದು ಮಾಡಿ ಅದನ್ನು "ಪುಣ್ಯತಿಥಿ" ಎಂದು ಕರೆಯುತ್ತೇವೆ. ಅದರಲ್ಲಿ ತಿಥಿ ಎಲ್ಲಿದೆ?

ಆದರೂ ಗೆಲಿಲಿಯೋನ ಸಾಲನ್ನು ಅಳಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಭೂಮಿ ಸೂರ್ಯನ ಸುತ್ತ ಚಲಿಸುತ್ತದೆ ಎಂಬ ಮಾತನ್ನು ಎತ್ತಿಹಿಡಿದ ಪುಸ್ತಕ ಬರೆದದ್ದಕ್ಕಾಗಿ 69 ವರ್ಷದ ಮುದುಕನನ್ನು ಪ್ರಶ್ನಿಸಿದ ದಿನವೂ, ಆ ಭೂಮಿಯನ್ನು ಹೊರಗಿನಿಂದ ಸುತ್ತಿ ಬಂದ ಮೊದಲ ಮನುಷ್ಯನ ದಿನವೂ ಒಂದೇ ಕ್ಯಾಲೆಂಡರಿನಲ್ಲಿ ಒಂದೇ ತಾರೀಖಾಗಿವೆ. ಇದು ಚೆಲ್ಲಿದ ಕಾಳೇ ಹೌದು. ಆದರೆ ಚೆಲ್ಲಿದ ಕಾಳಿನ ಪೈರನ್ನು ಯಾರೂ ಕಿತ್ತೆಸೆಯುವುದಿಲ್ಲವಲ್ಲ. ಧ್ವಜದ ಸಾಲನ್ನು ಬಿಡಬಹುದು.

ಉತ್ತರ 3
ಬರೆದವರು: ಲಸಿಕೆ ಪೆಟ್ಟಿಗೆ

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಿರಿಯ ಆರೋಗ್ಯ ಸಹಾಯಕಿಯಾಗಿ ಹಳ್ಳಿಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮೇಲಿನ ಇಬ್ಬರು ಹಿರಿಯರೂ ಬಾಹ್ಯಾಕಾಶ, ಕ್ಯಾಲೆಂಡರ್ ಎಂದು ಬರೆದು 1955ರ ಸಾಲನ್ನು ದಾಟಿಹೋದರು. ನನ್ನನ್ನು ಕೇಳಿದರೆ, ಮೇಡಂ, ಹಲಗೆಯಲ್ಲಿ ಒಂದೇ ಸಾಲಿಗೆ ಜಾಗವಿದ್ದರೂ ಅದು ಆ ಸಾಲೇ ಆಗಬೇಕು.

ರೂಸ್‌ವೆಲ್ಟ್ ಅವರಿಗೆ 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಪೋಲಿಯೋ ಎಂದು ವೈದ್ಯರು ಹೇಳಿದ ಕಾಯಿಲೆ ಬಂದು ಕಾಲುಗಳ ಶಕ್ತಿ ಹೋಯಿತು. ಅವರು ತೀರಿಕೊಂಡ ವಾರ್ಮ್ ಸ್ಪ್ರಿಂಗ್ಸ್ ಕೂಡ ಅವರು ಆ ಕಾಯಿಲೆಯ ಚಿಕಿತ್ಸೆಗಾಗಿ ಹೋಗಿ ಬರುತ್ತಿದ್ದ ಬಿಸಿನೀರಿನ ಬುಗ್ಗೆಯ ಊರು. ಅಧ್ಯಕ್ಷರಾಗಿದ್ದಾಗ 1938ರಲ್ಲಿ ಅವರು ಸ್ಥಾಪಿಸಿದ ಪ್ರತಿಷ್ಠಾನ, ಜನರಿಂದ ಹತ್ತು ಸೆಂಟ್‌ನ ಬಿಡಿ ನಾಣ್ಯಗಳನ್ನು ಕೂಡಿಸಿಯೇ ಪೋಲಿಯೋ ಸಂಶೋಧನೆಗೆ ಹಣ ಒದಗಿಸಿತು. ಆ ಹಣದಿಂದಲೇ ಸಾಲ್ಕ್ ಅವರ ಲಸಿಕೆ ಬಂತು. 1954ರಲ್ಲಿ ನಡೆದ ಅದರ ಪ್ರಯೋಗದಲ್ಲಿ ಸುಮಾರು 18 ಲಕ್ಷ ಮಕ್ಕಳು ಭಾಗವಹಿಸಿದರು. ಅವರಲ್ಲಿ ಲಕ್ಷಾಂತರ ಮಕ್ಕಳಿಗೆ ಕೊಟ್ಟ ಸೀಸೆಗಳಲ್ಲಿ ಯಾವುದರಲ್ಲಿ ಲಸಿಕೆಯಿದೆ, ಯಾವುದರಲ್ಲಿ ಬರೀ ದ್ರಾವಣವಿದೆ ಎಂಬುದು ಚುಚ್ಚುವವರಿಗೂ ಗೊತ್ತಿರಲಿಲ್ಲ. ಇಡೀ ಲೆಕ್ಕವನ್ನು ಬಿಡಿಸಿದವರು ಮಿಚಿಗನ್ ವಿಶ್ವವಿದ್ಯಾಲಯದ ಥಾಮಸ್ ಫ್ರಾನ್ಸಿಸ್. ಅವರು 1955ರ ಏಪ್ರಿಲ್ 12ರಂದು ಆನ್ ಆರ್ಬರ್ ಊರಿನ ಸಭಾಂಗಣದಲ್ಲಿ ಫಲಿತಾಂಶ ಓದಿದರು: ಪಾರ್ಶ್ವವಾಯು ತರುವ ಪೋಲಿಯೋ ವಿರುದ್ಧ ಲಸಿಕೆ ನೂರಕ್ಕೆ 80ರಿಂದ 90ರಷ್ಟು ಪರಿಣಾಮಕಾರಿ. ಅಮೆರಿಕದ ಎಷ್ಟೋ ಊರುಗಳಲ್ಲಿ ಚರ್ಚಿನ ಗಂಟೆ ಬಾರಿಸಿದರು.

ಅಂದಿಗೆ ರೂಸ್‌ವೆಲ್ಟ್ ತೀರಿಕೊಂಡು ಸರಿಯಾಗಿ ಹತ್ತು ವರ್ಷ. ಇದು ಚೆಲ್ಲಿದ್ದೋ ಕೂರಿಗೆಯದ್ದೋ ಎಂದು ಮಕ್ಕಳು ಕೇಳುತ್ತಾರೆ. ಈ ಬಗ್ಗೆ ಎರಡು ಮಾತಿದೆ. ಆಕಸ್ಮಿಕವೆಂದವರೂ ಇದ್ದಾರೆ, ಬೇಕೆಂದೇ ಇಟ್ಟದ್ದೆಂದವರೂ ಇದ್ದಾರೆ. ಆದರೆ ಸಾವಿನ ದಿನ ಕೇಳಿ ಬರುವುದಿಲ್ಲ, ಸಭೆಯ ದಿನವನ್ನು ಮಾತ್ರ ಮನುಷ್ಯರೇ ಗೊತ್ತುಪಡಿಸುತ್ತಾರೆ. ತಮ್ಮ ಸಂಸ್ಥಾಪಕರ ಹತ್ತನೆಯ ವರ್ಷದ ದಿನ ಯಾವುದೆಂದು ಆ ಪ್ರತಿಷ್ಠಾನದವರಿಗೆ ನೆನಪಿಲ್ಲದಿರುವುದು ಸಾಧ್ಯವೇ? ನಾನಾದರೆ ಇದನ್ನು ಕೂರಿಗೆಯ ಸಾಲಿಗೆ ಸೇರಿಸುತ್ತೇನೆ.

ಅದೇ ದಿನ ದೂರದರ್ಶನದ ಸಂದರ್ಶನದಲ್ಲಿ ಈ ಲಸಿಕೆಯ ಪೇಟೆಂಟ್ ಯಾರದೆಂದು ಎಡ್ವರ್ಡ್ ಮರೋ ಕೇಳಿದಾಗ, ಅದು ಜನರದ್ದು, ಪೇಟೆಂಟ್ ಎಂಬುದಿಲ್ಲ, ಸೂರ್ಯನಿಗೆ ಪೇಟೆಂಟ್ ಮಾಡಿಸಲಾದೀತೇ ಎಂದು ಸಾಲ್ಕ್ ಉತ್ತರಿಸಿದರು. ಹಲಗೆಯ ಮೇಲೆ ಬರೆಯಲು ಇದಕ್ಕಿಂತ ಒಳ್ಳೆಯ ಮಾತು ಬೇಕೆ? ಆದರೆ ಆ ಸಂಭ್ರಮದ ಮರುಗಳಿಗೆಯನ್ನೂ ದೊಡ್ಡ ಮಕ್ಕಳಿಗೆ ಹೇಳಬೇಕು. ಆ ಮಧ್ಯಾಹ್ನವೇ ಅವಸರದಲ್ಲಿ ಪರವಾನಗಿ ಕೊಟ್ಟರು. ಕೆಲವೇ ವಾರಗಳಲ್ಲಿ ಕ್ಯಾಲಿಫೋರ್ನಿಯಾದ ಒಂದು ತಯಾರಕರ ಲಸಿಕೆಯಲ್ಲಿ ಸಾಯದೆ ಉಳಿದಿದ್ದ ವೈರಸ್‌ನಿಂದ ಸುಮಾರು 200 ಮಂದಿಗೆ ಪಾರ್ಶ್ವವಾಯುವಾಗಿ, 10 ಮಂದಿ ಸತ್ತರು. ಇಂದು ತಯಾರಾಗುವ ಲಸಿಕೆಯ ಪ್ರತಿ ಕಂತನ್ನೂ (ಬ್ಯಾಚ್) ಅಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸುವುದಕ್ಕೆ ಆ ದುರಂತವೂ ಒಂದು ಕಾರಣ.

ಒಂದು ತಿದ್ದುಪಡಿಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹಲಗೆ ನೋಡಿದ ತಾಯಂದಿರು ಖಂಡಿತ ಕೇಳುತ್ತಾರೆ. ನಾವು ಭಾನುವಾರ ಬೂತ್‌ನಲ್ಲಿ ಕುಳಿತು ಹಾಕುತ್ತಿದ್ದ ಎರಡು ಹನಿ ಸಾಲ್ಕ್ ಅವರದ್ದಲ್ಲ, ಅದು ಆಲ್ಬರ್ಟ್ ಸೇಬಿನ್ ಅವರ ಬಾಯಿ ಹನಿ. ಸಾಲ್ಕ್ ಅವರದು ಚುಚ್ಚುಮದ್ದು. ನಮ್ಮ ದೇಶದ ಸರ್ಕಾರಿ ಲಸಿಕಾ ಪಟ್ಟಿಗೆ ಆ ಬಗೆಯದು ಸೇರಿದ್ದು 2015ರಲ್ಲಿ. ಪಲ್ಸ್ ಪೋಲಿಯೋ 1995ರಲ್ಲಿ ಆರಂಭವಾದಾಗ ಐಸ್ ತುಂಬಿದ ಪೆಟ್ಟಿಗೆ ಹೊತ್ತು, ತೋಟದ ಮನೆಗಳಿಗೆಲ್ಲ ನಡೆದು, ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬರುತ್ತಿದ್ದೆವು. ಭಾರತದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಕಂಡುಬಂತು. 2014ರ ಮಾರ್ಚ್‌ನಲ್ಲಿ ನಾವು ಪೋಲಿಯೋ ಮುಕ್ತರೆಂದು ಪ್ರಮಾಣಪತ್ರ ಬಂತು. ತಮ್ಮ ಶಿಬಿರದ ಮಕ್ಕಳಲ್ಲಿ ಒಬ್ಬರಾದರೂ ಪೋಲಿಯೋದಿಂದ ಕಾಲೆಳೆದು ನಡೆಯುವ ತಮ್ಮ ವಯಸ್ಸಿನವರನ್ನು ಕಂಡಿದ್ದಾರೆಯೇ ಎಂದು ಕೇಳಿ ನೋಡಿ.

ಉತ್ತರ 4
ಬರೆದವರು: ಎರಡನೇ ಆಟ

ರಾಜ್‌ಕುಮಾರ್ ಅವರ ಸಾಲಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅದನ್ನು ಹೇಗೆ ಬರೆಯಬೇಕೆಂಬುದೇ ನನಗೆ ದೊಡ್ಡ ಪ್ರಶ್ನೆ. 2006ರ ಏಪ್ರಿಲ್ 12 ಬುಧವಾರ, ಮಧ್ಯಾಹ್ನ, ಸದಾಶಿವನಗರದ ಮನೆಯಲ್ಲಿ ಹೃದಯಾಘಾತವಾಗಿ ಅವರು ಹೋದರು. 77ನೆಯ ಹುಟ್ಟುಹಬ್ಬಕ್ಕೆ ಇನ್ನು ಹನ್ನೆರಡು ದಿನ ಉಳಿದಿತ್ತು. ಮರುದಿನ ಕಂಠೀರವ ಸ್ಟುಡಿಯೋದ ಆವರಣದಲ್ಲಿ ಅಂತ್ಯಕ್ರಿಯೆ ನಡೆಯಿತು. ಆ ಎರಡು ದಿನ ಬೆಂಗಳೂರಿನಲ್ಲಿದ್ದವರಿಗೆ ದುಃಖದ ಜೊತೆಗೆ ಕಲ್ಲು, ಬೆಂಕಿ, ಅಶ್ರುವಾಯುಗಳೂ ನೆನಪಾಗುತ್ತವೆ. ಒಬ್ಬ ಪೊಲೀಸ್ ಸಿಬ್ಬಂದಿಯೂ ಸೇರಿದಂತೆ ಹಲವರು ಸತ್ತರು. ನಾನು ಆಗ ಮಲ್ಲೇಶ್ವರದ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಶಟರ್ ಎಳೆದುಕೊಂಡು ಒಳಗೇ ಕತ್ತಲಲ್ಲಿ ಕುಳಿತು, ರೇಡಿಯೋದಲ್ಲಿ ಅವರ ಹಾಡುಗಳನ್ನು ಸಣ್ಣ ದನಿಯಲ್ಲಿ ಕೇಳಿದ್ದು ಮರೆಯುವಂಥದ್ದಲ್ಲ. ಅಷ್ಟು ವಿನಯದ ಮನುಷ್ಯನನ್ನು ಅಷ್ಟು ಗದ್ದಲದಲ್ಲಿ ಕಳಿಸಿಕೊಟ್ಟೆವಲ್ಲ ಎಂಬ ಸಂಕಟ ನನ್ನಂಥ ಅಭಿಮಾನಿಗಳಿಗೆ ಇನ್ನೂ ಇದೆ.

ಹೀಗಾಗಿ ಹಲಗೆಯ ಮೇಲೆ "ನಿಧನ" ಎಂದಷ್ಟೇ ಬರೆಯಬೇಡಿ. ಅಂದು ಅವರ ಕಣ್ಣುಗಳನ್ನು ದಾನ ಮಾಡಿದರು ಎಂದು ಬರೆಯಿರಿ. 1994ರಲ್ಲಿ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಭಂಡಾರವನ್ನು ಉದ್ಘಾಟಿಸುವಾಗಲೇ ಇಡೀ ಕುಟುಂಬದ ಕಣ್ಣುಗಳನ್ನು ಕೊಡುವುದಾಗಿ ಅವರು ಹೇಳಿದ್ದರು, ಅದರಂತೆ ನಡೆಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗಲೂ ನಡೆಯಿತು. ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ನಾಯಕನಾಗಿ ರಾಜ್‌ಕುಮಾರ್ ಅವರ ಮೊದಲ ಚಿತ್ರ 1954ರ 'ಬೇಡರ ಕಣ್ಣಪ್ಪ'. ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡನ ಪಾತ್ರದಿಂದ ಆರಂಭಿಸಿದವರು ಕೊನೆಗೆ ಕಣ್ಣು ಕೊಟ್ಟು ಹೋದರು. ಇದನ್ನು ಆಕಸ್ಮಿಕವೆಂದು ನಾನು ಒಪ್ಪುವುದಿಲ್ಲ, ಮೇಷ್ಟ್ರು ಮನ್ನಿಸಬೇಕು. ತಾವು ಮಾಡಿದ ಪಾತ್ರಗಳನ್ನು ಆ ಮನುಷ್ಯ ಮನೆಗೆ ಒಯ್ದರು.

1954 ಎಂದಾಗ ಹಾಡಿನ ಮಾತು. 'ರಾಕ್ ಅರೌಂಡ್ ದ ಕ್ಲಾಕ್' ಧ್ವನಿಮುದ್ರಣವಾದ ದಿನ ಅದೊಂದು ದೊಡ್ಡ ದಿನವೆಂದು ಆ ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ಗ್ರಾಮಫೋನ್ ತಟ್ಟೆಯ ಹಿಂಬದಿಯ ಹಾಡಾಗಿ ಬಂದು ಹೆಚ್ಚು ಸದ್ದು ಮಾಡದೆ ಉಳಿಯಿತು. ಮರುವರ್ಷ 'ಬ್ಲ್ಯಾಕ್‌ಬೋರ್ಡ್ ಜಂಗಲ್' ಎಂಬ ಚಲನಚಿತ್ರದ ಆರಂಭದಲ್ಲಿ ಬಳಸಿದ ಮೇಲೆ 1955ರ ಜುಲೈನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ಮಿಂಚಿನಂತೆ ಬರುವ ಗಿಟಾರ್ ನುಡಿಸಿದ ಡ್ಯಾನಿ ಸೆಡ್ರೋನ್ ಅದನ್ನು ನೋಡಲಿಲ್ಲ. 1954ರ ಜೂನ್‌ನಲ್ಲಿಯೇ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡಿದ್ದರು.

ಉತ್ತರ 5
ಬರೆದವರು: ತಮಟೆ

ಸಫ್ದರ್ ಹಶ್ಮಿಯವರ ಸಾಲು ಹೊರಗುಳಿಯಬಾರದೆಂದು ಎರಡು ಮಾತು. ಮೇಷ್ಟ್ರ ಕೂರಿಗೆಗೆ ಒಳ್ಳೆಯ ಉದಾಹರಣೆ ಅದೇ. 1989ರ ಜನವರಿ 1ರಂದು ಸಾಹಿಬಾಬಾದ್‌ನ ಝಂಡಾಪುರದಲ್ಲಿ ಬೀದಿ ನಾಟಕವಾಡುತ್ತಿದ್ದಾಗ ಅವರ ಮೇಲೆ ಹಲ್ಲೆಯಾಗಿ, ಮರುದಿನ ಅವರು ತೀರಿಕೊಂಡರು. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ಮತ್ತು ಜನನಾಟ್ಯ ಮಂಚದ ಗೆಳೆಯರು ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಪೂರ್ತಿ ಆಡಿ ಬಂದರು. ಬೀದಿ ನಾಟಕ ದಿನವೆಂದು ಸ್ಮರಿಸಲು ರಂಗಭೂಮಿಯವರ ಮುಂದೆ ಆ ಮೂರು ದಿನಗಳಿದ್ದವು. ಅವರು ಆಯ್ದುಕೊಂಡದ್ದು ಹುಟ್ಟಿದ ದಿನವಾದ ಏಪ್ರಿಲ್ 12ನ್ನು. ಸಾವಿನ ದಿನವನ್ನು ಬಿಟ್ಟು ಹುಟ್ಟಿದ ದಿನವನ್ನು ಆಯ್ದದ್ದರಲ್ಲಿ ಒಂದು ಹಟವಿದೆ. ಅಂದು ಮಕ್ಕಳಿಂದ ಅರಿವು ಕೇಂದ್ರದ ಮುಂದೆ ಹತ್ತು ನಿಮಿಷದ ಬೀದಿ ನಾಟಕ ಆಡಿಸಿದರೆ ಹಲಗೆಯ ಮೇಲೆ ಒಂದು ಸಾಲು ಉಳಿತಾಯವೂ ಆಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು
ಬರೆದವರು: ಹಲಗೆ-ಬಳಪ

ಎಲ್ಲರಿಗೂ ಋಣಿ. ಮಕ್ಕಳನ್ನು ಕೂರಿಸಿಕೊಂಡು ತಮ್ಮೆಲ್ಲರ ಉತ್ತರಗಳನ್ನು ಓದಿ ಹೇಳಿದೆ. ಧ್ವಜದ ಸಾಲನ್ನು ಬಿಟ್ಟಿದ್ದೇವೆ. ಫೋರ್ಟ್ ಸಮ್ಟರ್ ಸಾಲನ್ನೂ ಬಿಟ್ಟೆವು, ಏಕೆಂದರೆ ಅದನ್ನು ವಿವರಿಸಲು ಹೊರಟರೆ ಗುಲಾಮಗಿರಿಯ ಇಡೀ ಕಥೆ ಹೇಳಬೇಕು, ಅದಕ್ಕೆ ಬೇರೆಯೇ ಒಂದು ದಿನ ಬೇಕು. ವಿನೂ ಮಂಕಡ್ ಅವರನ್ನು ತೆಗೆಯಲು ಹುಡುಗರು ಬಿಡಲಿಲ್ಲ. 1956ರಲ್ಲಿ ಪಂಕಜ್ ರಾಯ್ ಜೊತೆ ಮದರಾಸಿನಲ್ಲಿ ಮೊದಲ ವಿಕೆಟ್‌ಗೆ 413 ಓಟ ಗಳಿಸಿದ್ದನ್ನು ಬರೆದು, ಬೌಲರ್ ತುದಿಯಲ್ಲಿ ಔಟ್ ಮಾಡುವುದಕ್ಕೆ ಅವರ ಹೆಸರು ಅಂಟಿಕೊಂಡದ್ದನ್ನು ಬಿಟ್ಟುಬಿಡಬೇಕೆಂದು ಅವರಲ್ಲೇ ತೀರ್ಮಾನವಾಗಿದೆ. ಹಾಡಿನ ಸಾಲು ಇದೆ. ರೂಸ್‌ವೆಲ್ಟ್ ಮತ್ತು ಸಾಲ್ಕ್ ಒಂದೇ ಸಾಲಿನಲ್ಲಿ ಕೂತಿದ್ದಾರೆ, ಆ ಸಾಲು ಮಾತ್ರ ಹಲಗೆಯ ಮೇಲ್ತುದಿಯಲ್ಲಿ. ಲಸಿಕೆ ಪೆಟ್ಟಿಗೆಯವರು ಹೇಳಿದಂತೆ ಕೇಳಿದೆ. ಒಬ್ಬ ಮಗುವೂ ಕೈ ಎತ್ತಲಿಲ್ಲ, ಬಾಗಿಲಲ್ಲಿ ನಿಂತು ಪೇಪರ್ ಓದುತ್ತಿದ್ದ ಇಬ್ಬರು ಹಿರಿಯರು ಎತ್ತಿದರು. ಅಣ್ಣಾವ್ರ ಸಾಲನ್ನು ಕಣ್ಣಿನ ಸಾಲಾಗಿಯೇ ಬರೆಯುತ್ತೇವೆ. ಬೀದಿ ನಾಟಕಕ್ಕೆ ತಮಟೆ ಹೊಂದಿಸುವ ಕೆಲಸ ಆರಂಭವಾಗಿದೆ.

ಚೆಲ್ಲಿದ ಕಾಳಿನ ಸಾಲುಗಳಿಗೆ ಹಳದಿ ಬಳಪ, ಕೂರಿಗೆಯವಕ್ಕೆ ಬಿಳಿ ಬಳಪ ಎಂದು ಹುಡುಗಿಯೇ ನಿಶ್ಚಯಿಸಿದ್ದಾಳೆ. ಕೊಲಂಬಿಯಾ ಹಳದಿ ಎಂದಾಗ ಎಲ್ಲರಿಗೂ ಆಶ್ಚರ್ಯವಾಯಿತು.

ಅವಳ ತಮ್ಮನಿಗೆ 106 ನಿಮಿಷದ ಸಂಗತಿ ಹೇಳಿದೆ. ಅವನು ಬೇಸರಪಟ್ಟುಕೊಳ್ಳುವ ಬದಲು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, 2000ನೆಯ ಇಸವಿಯ ಜುಲೈ 30ರಿಂದ ನವೆಂಬರ್ 15ರವರೆಗೆ ಬೆರಳಿಟ್ಟು ಒಂದೊಂದೇ ದಿನ ಎಣಿಸಿದ. ಗಾಜನೂರಿನಿಂದ ಕರೆದೊಯ್ದ ರಾತ್ರಿಯ ದಿನವನ್ನೂ ಬಿಡುಗಡೆಯಾದ ದಿನವನ್ನೂ ಸೇರಿಸಿದರೆ 109, ಒಂದನ್ನು ಬಿಟ್ಟರೆ 108 ಬರುತ್ತದೆಯಂತೆ. ಯಾವುದನ್ನು ಬರೆಯಬೇಕೆಂದು ನಾಳೆ ಬೆಳಿಗ್ಗೆ ಹಲಗೆ ಒರೆಸುವುದರೊಳಗೆ ನಾನು ಹೇಳಬೇಕಂತೆ.